ಕೊನೆಯ ಇಪ್ಪತ್ತೆರಡು ಪುಟ

ಏಡಿಗಳ ಬಕೆಟ್ಟನ್ನು ರೆಕ್ಸ್ ತಂದು ಹೆಂಡತಿಯ ಕಾಲಬುಡದಲ್ಲೇ ಇಟ್ಟ. ನೀಲಿ ಕಾಲುಗಳು ಪ್ಲಾಸ್ಟಿಕ್ಕನ್ನು ಪರಪರ ಕೆರೆಯುತ್ತಿದ್ದವು. ವರ್ನಾ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಮೂವತ್ತೆರಡು," ಎಂದ ರೆಕ್ಸ್. ಮೊಣಕಾಲಿನವರೆಗೂ ಅವನಿಗೆ ಕಡಲ ಕೆಸರು ಮೆತ್ತಿತ್ತು. "ಒಳ್ಳೇ ದಪ್ಪದವು ಕಣೇ. ನೀರು ಕುದಿಯೋಕಿಟ್ಟಿದ್ದೀಯ ತಾನೇ?"

"ಇಲ್ಲ."

"ಯಾಕೆ, ಗ್ಯಾಸ್ ಮುಗೀತಾ?"

"ಗ್ಯಾಸಿದೆ. ದೊಡ್ಡ ಪಾತ್ರೆ ಇದೆ. ಎದುರಿಗೆ ಕಡಲು ತುಂಬ ನೀರಿದೆ. ನಿನಗೆ ಎರಡು ಕೈ ಇದೆ." ವರ್ನಾ ಪುಟ ತಿರುಗಿಸಿದಳು. "ಬೆಳಿಗ್ಗೇನೇ ಹೇಳಿದೆನಲ್ಲ, ಈ ಪುಸ್ತಕ ಮುಗಿಯೋ ತನಕ ನಾನು ಈ ಕುರ್ಚಿಯಿಂದ ಏಳಲ್ಲ."

ಬೆಳಿಗ್ಗೆ ಹೇಳಿದ್ದು ನಿಜ. ಕ್ರಿಸ್‌ಮಸ್ ಮುಗಿದ ಎರಡನೆಯ ದಿನ, ಶ್ಯಾಕಿನ, ಅಂದರೆ ಕಡಲತೀರದ ರಜೆಮನೆಯ, ಉದ್ದ ಮೇಜಿನ ಸುತ್ತ ಹದಿನಾಲ್ಕು ಜನ ಕೂತು ಟೋಸ್ಟು ತಿನ್ನುತ್ತಿದ್ದಾಗ ಅವಳು ಎದ್ದು ನಿಂತು, ಚಮಚದಿಂದ ಲೋಟ ಬಡಿದು ಹೇಳಿದ್ದಳು. ಎಲ್ಲರೂ ನಕ್ಕರು. ಆಮೇಲೆ ಅವಳು ಹೊರಗೆ ಹೋಗಿ ರೆಕ್ಸನ ಮಡಚುವ ಕುರ್ಚಿಯನ್ನು, ಎರಡು ಕೈ ಇರುವ, ಬಿಯರ್ ಡಬ್ಬಿಗೆ ಗುಳಿ ಇರುವ ಆ ಒಂದೇ ಒಂದು ಕುರ್ಚಿಯನ್ನು, ಬೇಲಿ ಬಳಿಯ ಮರದ ನೆರಳಿಗೆ ಎಳೆದುಕೊಂಡು ಹೋಗಿ ಕೂತಳು. ಹನ್ನೊಂದಕ್ಕೆ ನಗು ಕಡಿಮೆಯಾಯಿತು. ಒಂದು ಗಂಟೆಗೆ ಎಲ್ಲರೂ ಬ್ರೆಡ್ಡಿಗೆ ಟೊಮೆಟೊ ಸಾಸ್ ಹಚ್ಚಿಕೊಂಡು ತಿಂದಾಗ ಪೂರ್ತಿ ನಿಂತಿತು. ಫ್ರಿಜ್ಜಿನಲ್ಲಿ ಅರ್ಧ ಹಂದಿತೊಡೆ ಇತ್ತು. ಅದನ್ನು ಕೊಯ್ಯುವ ಚಾಕು ಎಲ್ಲಿದೆಯೆಂದು ಒಬ್ಬ ಗಂಡಸಿಗೂ ಗೊತ್ತಿರಲಿಲ್ಲ.

ಭೂಗೋಳದ ಈ ದಕ್ಷಿಣಾರ್ಧದಲ್ಲಿ ಡಿಸೆಂಬರ್ ಎಂದರೆ ನಡುಬೇಸಿಗೆ. ಮದುವೆಯಾದಾಗಿನಿಂದ ಇಪ್ಪತ್ತೆಂಟು ಬೇಸಿಗೆಗಳನ್ನು ವರ್ನಾ ಈ ತಗಡಿನ ಮನೆಯಲ್ಲಿ ಕಳೆದಿದ್ದಳು. ಪ್ರತಿ ಬೇಸಿಗೆಗೂ ಒಂದು ದಪ್ಪ ಕಾದಂಬರಿ ತರುತ್ತಿದ್ದಳು. ಅವಳಿಗೆ ಬೇಕಾದದ್ದು ಒಂದೇ ಜಾತಿಯದು, ಎರಡು ಕಾಲದ ಕಥೆ. ಒಂದು ಅಧ್ಯಾಯ ಈಗಿನದು, ಮುಂದಿನದು ನೂರು ವರ್ಷದ ಹಿಂದಿನದು. ಅಲ್ಲಿ ಒಬ್ಬಳು ಕಾಣೆಯಾಗುತ್ತಾಳೆ, ಇಲ್ಲಿ ಇನ್ನೊಬ್ಬಳು ಹಳೇ ಪೆಟ್ಟಿಗೆಯ ಬೀಗ ಒಡೆಯುತ್ತಾಳೆ. ಈಕೆ ಕೇಳಿದ ಪ್ರಶ್ನೆಗೆ ಆಕೆ ಎಂದೋ ಉತ್ತರ ಕೊಟ್ಟಿರುತ್ತಾಳೆ. ಅದು ಇಬ್ಬರಿಗೂ ಗೊತ್ತಿಲ್ಲ, ನಡುವೆ ಕೂತು ಓದುವವಳಿಗೆ ಮಾತ್ರ ಗೊತ್ತು. ಆ ಗುಟ್ಟಿನ ಸುಖಕ್ಕೆ ವರ್ನಾ ವರ್ಷವಿಡೀ ಕಾಯುತ್ತಿದ್ದಳು. ಆದರೆ ಶ್ಯಾಕಿನಲ್ಲಿ ದಿನಕ್ಕೆ ನಾಲ್ಕು ಪುಟ ಓದಿದರೆ ಪುಣ್ಯ. ಅಷ್ಟರಲ್ಲಿ ಯಾರಿಗೋ ಟವೆಲ್ ಬೇಕು, ಯಾರ ಕಾಲಿಗೋ ಮುಳ್ಳು ಚುಚ್ಚಿದೆ, ಹದಿನಾಲ್ಕು ಹೊಟ್ಟೆ ಹಸಿದಿವೆ. ಉಳಿದದ್ದನ್ನು ಅವಳು ತಾನು ಓಡಿಸುವ ಶಾಲಾ ಬಸ್ಸಿನಲ್ಲಿ, ಗಂಟೆ ಹೊಡೆಯುವುದನ್ನು ಕಾಯುತ್ತ, ಸ್ಟಿಯರಿಂಗಿಗೆ ಆನಿಸಿಕೊಂಡು ಓದುತ್ತಿದ್ದಳು. ಬೇಸಿಗೆಯ ಪುಸ್ತಕ ಮುಗಿಯುತ್ತಿದ್ದದ್ದು ಜೂನ್ ತಿಂಗಳ ಚಳಿಯಲ್ಲಿ.

ಕಳೆದ ವರ್ಷ ಅದೂ ಇಲ್ಲ. ಶ್ಯಾಕಿಗೆ ಬೀಗ ಹಾಕುವ ದಿನ ಪುಸ್ತಕ ತೆರೆದು ನೋಡಿದರೆ ನಾನೂರನೇ ಪುಟದ ಮುಂದೆ ಬರೀ ರಟ್ಟು. ಕೊನೆಯ ಇಪ್ಪತ್ತೆರಡು ಪುಟಗಳನ್ನು ಯಾರೋ ಹರಿದಿದ್ದರು. ಯಾರೋ ಏನು, ಕ್ಲೆಮ್! ರೆಕ್ಸನ ತಮ್ಮ ಕ್ಲೆಮ್ ಬಾರ್ಬೆಕ್ಯೂ ಒಲೆ ಹೊತ್ತಿಸಲು ಕೈಗೆ ಸಿಕ್ಕಿದ್ದನ್ನು ಹರಿಯುವವನು. ಒಮ್ಮೆ ಉಬ್ಬರವಿಳಿತದ ಪಟ್ಟಿಯನ್ನೇ ಸುಟ್ಟು ಎಲ್ಲರ ಮೀನುಬೇಟೆ ಹಾಳುಮಾಡಿದ್ದ. "ದೇವರಾಣೆ ನಾನಲ್ಲ" ಅಂದ. ಯಾರೂ ನಂಬಲಿಲ್ಲ. ವರ್ನಾ ಅವನ ಐವತ್ತೈದನೇ ಹುಟ್ಟುಹಬ್ಬಕ್ಕೂ ಹೋಗಲಿಲ್ಲ. ಪುಸ್ತಕ ಅಂಗಡಿಗಳಲ್ಲಿ ಮುಗಿದುಹೋಗಿತ್ತು. ಗ್ರಂಥಾಲಯದಲ್ಲಿ ಹೆಸರು ಬರೆಸಿ, ಏಳು ತಿಂಗಳು ಸರದಿ ಕಾದು, ಡಿಸೆಂಬರಿನಲ್ಲಿ ಕೈಗೆ ಬಂತು. ಅವಳು ಮೊದಲ ಪುಟದಿಂದಲೇ ಶುರುಮಾಡಿದಳು. ಈ ಸಲ ಇಲ್ಲೇ, ಈ ಬಿಸಿಲಲ್ಲೇ, ಕೊನೆಯ ಸಾಲಿನವರೆಗೆ ಓದುವುದು. ಈಗ ಎದ್ದರೆ ತಾನು ಇನ್ನೆಂದೂ ಕೂರಲಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಗ ಬ್ರೆಂಟ್ ತೊಟ್ಟಿಕ್ಕುವ ಒದ್ದೆ ಚಡ್ಡಿಯಲ್ಲೇ ಬಂದು ನಿಂತ. "ಅಮ್ಮಾ, ಇಕ್ಕಳ ಎಲ್ಲಿ?"

"ಹೋದ ವರ್ಷ ಎಲ್ಲಿಟ್ಟಿದ್ದೆನೋ ಅಲ್ಲಿ."

"ಹೋದ ವರ್ಷ ಎಲ್ಲಿಟ್ಟಿದ್ರಿ?"

"ಹುಡುಕು. ಇಪ್ಪತ್ತಾರರ ಗಂಡಸು ನೀನು."

"ಅಜ್ಜಿಗೆ ಹೇಳ್ತೀನಿ ನೋಡಿ," ಎಂದು ಅವನು ತಮಾಷೆಗೆ ಅಂದರೂ ಅಲ್ಲಿದ್ದವರ ಕಿವಿಯೆಲ್ಲ ನೆಟ್ಟಗಾದವು.

ಅಜ್ಜಿ ಎಂದರೆ ಡಲ್ಸಿ, ರೆಕ್ಸ್ ಮತ್ತು ಕ್ಲೆಮ್‌ನ ತಾಯಿ. ಎಂಬತ್ತೆಂಟು ವರ್ಷ, ಈಟಿಯ ಹಾಗೆ ನೆಟ್ಟಗಿನ ಬೆನ್ನು. ಶ್ಯಾಕಿನ ಅಡುಗೆಮನೆ ಇವತ್ತಿಗೂ ಅವಳ ರಾಜ್ಯ. ಹಗಲು ಹೊತ್ತು ಪುಸ್ತಕ ಹಿಡಿಯುವ ಹೆಂಗಸಿನ ಮನೆ ಉದ್ಧಾರವಾಗುವುದಿಲ್ಲ, ಓದುವುದಿದ್ದರೆ ಪಾತ್ರೆ ತೊಳೆದ ಮೇಲೆ ಎಂದು ವರ್ನಾಳಿಗೆ ಮದುವೆಯಾದ ವಾರವೇ ಹೇಳಿದವಳು. ಬೆಳಗಿನಿಂದ ಡಲ್ಸಿ ಒಂದು ಮಾತೂ ಆಡಿರಲಿಲ್ಲ, ಚಾಕು ಎಲ್ಲಿದೆಯೆಂದೂ ಹೇಳಿರಲಿಲ್ಲ. ಅವಳ ಬಾಯಿ ತೆರೆಯುವುದನ್ನೇ ಎಲ್ಲರೂ ಕಾಯುತ್ತಿದ್ದರು.

ಸ್ವಲ್ಪ ಹೊತ್ತಿಗೆ ಡಲ್ಸಿ ಆಲೂಗಡ್ಡೆಯ ಬೋಗುಣಿ ಸೊಂಟಕ್ಕಿಟ್ಟುಕೊಂಡು ಮರದ ಹತ್ತಿರ ಬಂದಳು. ಕೂರಲಿಲ್ಲ. ನಿಂತೇ ಸಿಪ್ಪೆ ಹೆರೆಯುತ್ತ ಸೊಸೆಯ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಎಲ್ಲಿಗೆ ಬಂತು?"

ಬೈಗುಳಕ್ಕೆ ಸಿದ್ಧಳಾಗಿದ್ದ ವರ್ನಾಳಿಗೆ ಆಶ್ಚರ್ಯವಾಯಿತು. "ನಾನೂರಕ್ಕೆ. ಹೋದ ವರ್ಷ ನಿಂತಲ್ಲಿಗೆ."

"ಯಾರಂತೆ?"

ಕಥೆ ಡಲ್ಸಿಗೂ ಅಷ್ಟಿಷ್ಟು ಗೊತ್ತಿತ್ತು. ಕಳೆದ ಬೇಸಿಗೆ ಪಾತ್ರೆ ತೊಳೆಯುತ್ತ ವರ್ನಾಳೇ ಹೇಳಿದ್ದಳು. ದ್ವೀಪದ ದೀಪಸ್ತಂಭ, ಕಾವಲುಗಾರನ ಎರಡನೇ ಹೆಂಡತಿ ಒಂದು ರಾತ್ರಿ ಕಾಣೆಯಾಗುವುದು. ಈ ಕಾಲದಲ್ಲಿ ಗಡಿಯಾರ ರಿಪೇರಿ ಮಾಡುವವಳೊಬ್ಬಳಿಗೆ ಹಳೇ ಗಡಿಯಾರದ ಹೊಟ್ಟೆಯಲ್ಲಿ ಮಗುವಿನ ಒಂಟಿ ಬೂಟು ಸಿಗುವುದು.

"ಆ ಸೂಲಗಿತ್ತಿ ಹೆಸ್ಟರ್ ಇದ್ದಾಳಲ್ಲ, ಅವಳೇ," ಎಂದಳು ವರ್ನಾ. "ದೋಣೀಲಿ ಕರ್ಕೊಂಡು ಹೋಗಿ ನಡುನೀರಲ್ಲಿ ತಳ್ಳಿದ್ದಾಳೆ. ಬೇಕಾದ್ರೆ ಪಂದ್ಯ ಕಟ್ತೀನಿ."

ಡಲ್ಸಿ ಫುಸ್ಸೆಂದು ನಕ್ಕಳು. "ಪೆದ್ದಿ, ಮುರಿದ ಕೈಲಿ ಹುಟ್ಟು ಹಾಕೋಕಾಗತ್ತಾ?" ಎಂದು ಬೋಗುಣಿ ಎತ್ತಿಕೊಂಡು ಒಳಗೆ ಹೋದಳು.

ಸೊಸೆಗೆ ಒಂದು ಬೈಗುಳವೂ ಬೀಳದಿದ್ದುದನ್ನು ಕಂಡು ಗಂಡಸರ ಮುಖ ಸಣ್ಣದಾಯಿತು. ವರ್ನಾ ಪುಸ್ತಕಕ್ಕೆ ಮರಳಿದಳು. ಆದರೆ ಕಣ್ಣು ಮುಂದೆ ಹೋಗಲಿಲ್ಲ. ಮುರಿದ ಕೈಯೇ? ಹೆಸ್ಟರಳ ಕೈಗೆ ಏನಾಗಿತ್ತು? ಹಿಂದಿನ ಅಧ್ಯಾಯ ತಿರುವಿದಳು, ಅದರ ಹಿಂದಿನದನ್ನೂ ನೋಡಿದಳು. ಎಲ್ಲೂ ಇರಲಿಲ್ಲ. ಮುದುಕಿ ಯಾವುದೋ ಕಥೆಗೆ ಯಾವುದೋ ಕಥೆ ಸೇರಿಸಿದ್ದಾಳೆ ಎಂದುಕೊಂಡು ಮುಂದೆ ಓದಿದಳು. ನಾನೂರ ಒಂದು, ಎರಡು, ಮೂರು. ಒಂದು ವರ್ಷ ಕಾಣದಿದ್ದ ಪುಟಗಳು. ಬಿಸಿಲು ನೆರಳನ್ನು ತಳ್ಳುತ್ತ ಬಂದು ಅವಳ ಪಾದ ಸುಡತೊಡಗಿತು. ಅವಳು ಕಾಲು ಒಳಗೆಳೆದುಕೊಂಡಳೇ ಹೊರತು ಕದಲಲಿಲ್ಲ.

ನಾನೂರ ಒಂಬತ್ತನೇ ಪುಟದಲ್ಲಿ, ಮೇಲಿನಿಂದ ಆರನೇ ಸಾಲಿನಲ್ಲಿ, ಹೆಸ್ಟರಳ ಬಲಗೈ ಮುರಿದು ಮೂರು ದಿನವಾಗಿತ್ತು.

ವರ್ನಾ ಆ ಸಾಲನ್ನು ಎರಡು ಸಲ ಓದಿದಳು. ಇಪ್ಪತ್ತೆಂಟು ವರ್ಷ ಇಂಥ ಕಥೆ ಓದಿ ಕಲಿತದ್ದೇನಾದರೂ ಇದ್ದರೆ ಇದೇ: ಗೊತ್ತಿರಬಾರದ್ದು ಯಾರಿಗೆ ಗೊತ್ತಿದೆಯೋ ಅವರೇ ತಪ್ಪಿತಸ್ಥರು. ಅವಳು ಪುಟದ ನಡುವೆ ಬೆರಳಿಟ್ಟುಕೊಂಡು ಎದ್ದಳು.

"ಎದ್ದಳಪ್ಪೋ!" ಎಂದು ಕ್ಲೆಮ್ ಕೂಗಿದ. "ಮುಷ್ಕರ ಮುಗೀತು! ತಟ್ಟೆ ತಗೊಳ್ರೋ!" ಚಪ್ಪಾಳೆ ಬಿತ್ತು. ಬ್ರೆಂಟ್ ಶಿಳ್ಳೆ ಹಾಕಿದ. ರೆಕ್ಸ್ ನಿಟ್ಟುಸಿರು ಬಿಟ್ಟು ತನ್ನ ಕುರ್ಚಿಯ ಕಡೆ ಎರಡು ಹೆಜ್ಜೆ ಇಟ್ಟ.

"ಅದನ್ನ ಮುಟ್ಟಿದ್ರೆ ನೋಡು," ಎಂದು ವರ್ನಾ ತಿರುಗಿ ನೋಡದೆಯೇ ಹೇಳಿ ಒಳಗೆ ಹೋದಳು.

ಅಡುಗೆಮನೆಯಲ್ಲಿ ಡಲ್ಸಿ ಕಿಟಕಿಯ ಹತ್ತಿರ ನಿಂತು ಆಲೂಗಡ್ಡೆ ಹೆಚ್ಚುತ್ತಿದ್ದಳು. "ಮುಗಿಸದೇ ಎದ್ದೆಯಲ್ಲೇ," ಎಂದಳು. ಅವಳ ದನಿಯಲ್ಲಿ ನಿಜವಾದ ಬೇಸರವಿತ್ತು.

"ಹೆಸ್ಟರ್ ಕೈ ಮುರಿದಿದ್ದು ನಿಮಗೆ ಹೇಗೆ ಗೊತ್ತು, ಡಲ್ಸಿ?"

ಚಾಕು ನಿಂತಿತು. "ನೀನೇ ಹೇಳಿದ್ದೆ. ಹೋದ ವರ್ಷ."

"ಹೋದ ವರ್ಷ ನನ್ನ ಪುಸ್ತಕ ನಾನೂರಕ್ಕೇ ಮುಗಿದಿತ್ತು."

ಹೊರಗೆ ಯಾರೋ ಪಾತ್ರೆ ಬೀಳಿಸಿದರು. ಡಲ್ಸಿ ಕೈ ಒರೆಸಿಕೊಂಡು, ಮೂಲೆಯ ಮಂಚದ ಮೇಲಿದ್ದ ತನ್ನ ಚೀಲದಿಂದ ಗುಂಡಿ ಹಾಕಿಡುವ ತಗಡಿನ ಡಬ್ಬಿ ತೆಗೆದಳು. ಗುಂಡಿಗಳ ಕೆಳಗೆ, ತಳದಲ್ಲಿ, ನಾಲ್ಕು ಮಡಿಕೆಯ ಹಾಳೆಗಳಿದ್ದವು.

"ನೀವಾ!" ವರ್ನಾಳ ಮುಖಕ್ಕೆ ರಕ್ತ ನುಗ್ಗಿತು. "ಏಳು ತಿಂಗಳು ಕಾದೆ ನಾನು! ಒಂದು ವರ್ಷ ಕ್ಲೆಮ್‌ಗೆ ಬೈದಿದ್ದೀನಿ. ನಾನು ಫೋನ್ ಮಾಡಿ ಅತ್ತಾಗ ನೀವು ಏನಂದ್ರಿ? ಅವನು ಹುಟ್ಟಿದಾಗಿನಿಂದ್ಲೂ ಹಾಗೇ ಅಂದ್ರಿ. ಹೆತ್ತ ಮಗನ ಮೇಲೆ ಹಾಕಿದ್ರಲ್ಲ!"

"ಅವನು ಬೇರೆ ಎಷ್ಟೋ ಸುಟ್ಟಿದ್ದಾನೆ. ಸರಿಹೋಯ್ತು ಬಿಡು."

"ನನ್ನ ಕೇಳಬಹುದಿತ್ತು."

"ಕೇಳೋದಾ?" ಡಲ್ಸಿ ಗಲ್ಲ ಮೇಲೆತ್ತಿದಳು. "ಓದೋರನ್ನ ಸೋಮಾರಿಗಳು ಅಂತ ಜೀವಮಾನ ಪೂರ್ತಿ ಬೈದ ಬಾಯಲ್ಲಿ, ಸ್ವಲ್ಪ ಪುಸ್ತಕ ಕೊಡೇ ಅಂತ ಕೇಳೋದಾ? ನೀನು ಬಟ್ಟೆ ಒಣಹಾಕೋಕೆ ಹೋದಾಗ, ಏಡಿ ತೊಳೆಯೋಕೆ ಹೋದಾಗ, ಸ್ನಾನದ ಮನೆ ಚಿಲಕ ಹಾಕ್ಕೊಂಡು ಓದ್ತಿದ್ದೆ. ನಿಂತ್ಕೊಂಡೇ. ನೀನಿಟ್ಟ ಗುರುತು ಇದ್ದಲ್ಲೇ ಇಡ್ತಿದ್ದೆ. ಹತ್ತೊಂಬತ್ತು ವರ್ಷ. ಪ್ರತಿ ಸಲಾನೂ ರಜ ಮುಗಿಯೋದು, ನೀನು ಪುಸ್ತಕ ತಗೊಂಡು ಹೊರಟುಬಿಡೋದು. ಹತ್ತೊಂಬತ್ತು ಕೊಲೆ, ವರ್ನಾ. ಕೊಂದೋರು ಯಾರು ಅಂತ ಒಂದೂ ಗೊತ್ತಿರಲಿಲ್ಲ ನನಗೆ."

ಡಲ್ಸಿ ಡಬ್ಬಿಯ ಮುಚ್ಚಳ ಹಾಕಿದಳು.

"ಹೋದ ಸಲ ನಾನು ನಿಮಗಿಂತ ಒಂದು ದಿನ ಮುಂಚೆ ಹೊರಟೆ, ಜ್ಞಾಪಕ ಇದೆಯಾ? ಕಾರು ಹಾರ್ನ್ ಹೊಡೀತಾ ಇತ್ತು. ನಾನೂರನೇ ಪುಟದಲ್ಲಿದ್ದೆ. ನಿನ್ನದೇನಮ್ಮ, ಜೂನ್ ತನಕ ಎಳೀತೀಯ. ನನಗೆ ಜೂನ್ ಅನ್ನೋದು ಇದೆಯೋ ಇಲ್ಲವೋ. ಹರಿದೆ. ತಪ್ಪಾಯ್ತು ಅಂತ ಹೇಳಲ್ಲ. ಇಂಥ ಕೊನೆ ನಾನು ಯಾವತ್ತೂ ಓದಿರಲಿಲ್ಲ."

ವರ್ನಾಳ ಸಿಟ್ಟು ಆರಲಿಲ್ಲ. ಆದರೆ ಅದು ಈ ಮುದುಕಿಯ ಮೇಲೆ ನಿಲ್ಲದೆ ಬೇರೆ ಕಡೆ ತಿರುಗಿತು. ಚಿಲಕ ಹಾಕಿದ ಸ್ನಾನದ ಮನೆಯಲ್ಲಿ ಬೆನ್ನು ನೆಟ್ಟಗಿಟ್ಟುಕೊಂಡು ನಿಂತು ಓದುವ ಹೆಂಗಸೊಬ್ಬಳು ಅವಳ ಕಣ್ಣಿಗೆ ಕಟ್ಟಿದಳು. ಹೊರಗೆ, ಹೆಜ್ಜೆ ದೂರದಲ್ಲಿ, ಅಷ್ಟೂ ವರ್ಷ ವರ್ನಾ ಏಡಿ ತಿಕ್ಕುತ್ತಿದ್ದಳು. ಗಂಡಸರು ಕುರ್ಚಿಯಲ್ಲಿದ್ದರು.

"ಬನ್ನಿ," ಎಂದು ಅತ್ತೆಯ ಕೈ ಹಿಡಿದಳು.

"ಎಲ್ಲಿಗೆ? ಆಲೂಗಡ್ಡೆ..."

"ಆಲೂಗಡ್ಡೆಗೆ ಕಾಲಿಲ್ಲ. ಎಲ್ಲೂ ಹೋಗಲ್ಲ."

ತಟ್ಟೆ ಹಿಡಿದು ಕಾಯುತ್ತಿದ್ದವರ ನಡುವೆಯೇ ಇಬ್ಬರೂ ಹೊರಗೆ ಬಂದರು. ವರ್ನಾ ಕ್ಲೆಮ್‌ನ ಕೆಳಗಿದ್ದ ಕುರ್ಚಿಯನ್ನು ಅವನನ್ನು ಎಬ್ಬಿಸಿ ತೆಗೆದುಕೊಂಡು, ಮರದ ನೆರಳಿನಲ್ಲಿ ತನ್ನ ಕುರ್ಚಿಯ ಪಕ್ಕಕ್ಕೆ ಹಾಕಿದಳು. ಡಲ್ಸಿ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಳು.

"ಎಲ್ಲರೂ ನೋಡ್ತಿದ್ದಾರೆ ಕಣೇ," ಎಂದು ಪಿಸುಗುಟ್ಟಿದಳು.

"ನೋಡಲಿ. ಅದಕ್ಕೇ ಕೂರೋದು."

ಡಲ್ಸಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ಬೆನ್ನ ಹಿಂದೆ ಕೈ ಹಾಕಿ ಏಪ್ರನ್ನಿನ ಗಂಟು ಬಿಚ್ಚಿ ಅದನ್ನು ದೊಡ್ಡ ಮಗನ ಕೈಗೆ ಕೊಟ್ಟಳು. "ಕಡಲ ನೀರಲ್ಲೇ ಕುದಿಸು, ರೆಕ್ಸ್. ಉಪ್ಪು ಹಾಕಬೇಡ."

"ಅಮ್ಮಾ," ಎಂದ ಕ್ಲೆಮ್, "ನಿಮಗೂ ತಲೆ ಕೆಟ್ಟಿತಾ?"

"ಕ್ಲೆಮ್, ನಿನಗೆ ಒಂದು ವಿಷಯ ಹೇಳಬೇಕು," ಎಂದಳು ವರ್ನಾ. ಡಲ್ಸಿಯ ಕತ್ತು ಸ್ವಲ್ಪ ಹೆಗಲೊಳಗೆ ಇಳಿಯಿತು. "ಆದರೆ ಈಗಲ್ಲ. ಎಲ್ಲರನ್ನೂ ಕೂರಿಸಿ ಹೇಳೋ ವಿಷಯ ಅದು. ನನಗಿನ್ನೂ ಹದಿಮೂರು ಪುಟ ಇದೆ."

ಇದು ಮುಗಿದ ಮೇಲೆ ಓದಲೆಂದು ತಂದಿದ್ದ ಇನ್ನೊಂದು ಪುಸ್ತಕವನ್ನು ವರ್ನಾ ಕುರ್ಚಿ ಪಕ್ಕದ ತನ್ನ ಚೀಲದಿಂದ ತೆಗೆದು ಅತ್ತೆಯ ತೊಡೆಯ ಮೇಲಿಟ್ಟಳು. ಐನೂರ ಮೂವತ್ತು ಪುಟ, ಎರಡು ಕಾಲ, ಒಂದು ಹೆಣ. ಡಲ್ಸಿ ಕನ್ನಡಕ ಒರೆಸಿ ಮೊದಲು ಕೊನೆಯ ಪುಟ ಇದೆಯೇ ಎಂದು ನೋಡಿದಳು. ಆಮೇಲೆ ಮೊದಲನೆಯದಕ್ಕೆ ಬಂದಳು.

ಒಲೆಯ ಹತ್ತಿರ ಗಲಾಟೆ ಶುರುವಾಯಿತು. ಹೂವಿನ ಏಪ್ರನ್ ಕಟ್ಟಿಕೊಂಡ ರೆಕ್ಸ್ ಕೈಯಲ್ಲೇ ಏಡಿ ಹಿಡಿಯಲು ಹೋಗಿ ಕಚ್ಚಿಸಿಕೊಂಡ. ಬಕೆಟ್ಟು ಉರುಳಿತು.

"ಅಮ್ಮಾ! ಅಜ್ಜೀ! ನಿಮ್ಮ ಕಡೇನೇ ಬರ್ತಿದೆ, ಹಿಡೀರಿ!" ಎಂದು ಬ್ರೆಂಟ್ ಕೂಗಿದ.

ದೊಡ್ಡದೊಂದು ನೀಲಿ ಏಡಿ ಅಡ್ಡಡ್ಡಲಾಗಿ ಓಡುತ್ತ, ಒಣಹುಲ್ಲು ದಾಟಿ, ಮರದ ನೆರಳಿಗೆ ಬಂತು. ಎರಡು ಕುರ್ಚಿಗಳ ಮುಂದೆ ಒಂದು ಗಳಿಗೆ ನಿಂತಿತು. ವರ್ನಾ ಪುಟ ತಿರುಗಿಸಿದಳು. ಇಬ್ಬರು ಹೆಂಗಸರೂ ಪುಸ್ತಕದಿಂದ ಕಣ್ಣು ತೆಗೆಯದೆ ಕಾಲು ಮೇಲೆತ್ತಿದರು. ಏಡಿ ಅವುಗಳ ಅಡಿಯಲ್ಲಿ ನುಸುಳಿ, ಬೇಲಿಯ ಕೆಳಗೆ ದಾಟಿ, ಕಡಲಿನ ಕಡೆಗೆ ಹೋಯಿತು.