ಅಲ್ಚೆಯ ಐದು

ನನ್ನ ಕಿವಿಯ ಬಗ್ಗೆ ನನಗೆ ಬಹಳ ಜಂಬವಿತ್ತು. ಮೂವತ್ತೊಂದು ಜನ ಒಟ್ಟಿಗೆ ಹಾಡುತ್ತಿದ್ದರೂ ಹಿಂದಿನ ಸಾಲಿನಲ್ಲಿ ಯಾರು ಚೂರು ಜಾರಿದರು ಅಂತ ಕಣ್ಣು ಮುಚ್ಚಿಕೊಂಡೇ ಬೆರಳು ಮಾಡಿ ತೋರಿಸುತ್ತಿದ್ದೆ. ಬೈಯುತ್ತಲೂ ಇದ್ದೆ, ಮುಚ್ಚಿಡುವುದೇನು ಬಂತು. ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದವಳು ನಾನು. ನಮ್ಮೂರ ಚರ್ಚಿನ ಹಾಡಿನ ತಂಡವನ್ನು ಇಪ್ಪತ್ತೇಳು ವರ್ಷದಿಂದ ನಡೆಸುತ್ತಿದ್ದೇನೆ. ನಮ್ಮಲ್ಲಿ ಚಿಕ್ಕಮ್ಮನಿಗೆ ತಾಂತೆ ಅನ್ನುತ್ತಾರೆ; ತಾಂತೆ ಮೆಯಿಸ್ಕೆ ಬಂದಳು ಅಂದರೆ ಸಾಕು, ದಪ್ಪದನಿಯ ಗಂಡಸರು ಸಿಗರೇಟು ಹೊಸಕಿ ಒಳಗೆ ಓಡುತ್ತಿದ್ದರು. ಅಂಥ ಕಿವಿಯ ಗತಿ ಏನಾಯಿತು ಅಂತ ಹೇಳುತ್ತೇನೆ ಕೇಳಿ.

ಲವಂಗ ಕೊಯ್ಲಿನ ಕಾಲ. ಊರಿನ ರಸ್ತೆ ತುಂಬ ಚಾಪೆ ಹಾಸಿ ಲವಂಗ ಒಣಗಿಸಿದ್ದರು. ಗುರುವಾರ ಸಂಜೆ ನಾಲ್ಕಕ್ಕೆ ಚರ್ಚಿನ ಕೋಣೆಯಲ್ಲಿ ಅಭ್ಯಾಸ. ಮುಗಿದ ಮೇಲೆ ಎಲ್ಲರೂ ಹೊರಟರು, ಅಲ್ಚೆ ಒಬ್ಬಳು ಉಳಿದಳು. ಅವಳು ಯಾವಾಗಲೂ ಉಳಿಯುತ್ತಾಳೆ. ಕುರ್ಚಿ ಜೋಡಿಸಿ, ಕಪ್ಪು ಹಲಗೆ ಒರೆಸಿ, ಬೀಗ ಹಾಕಿ ಹೋಗುತ್ತಾಳೆ. ನಲವತ್ತೇಳು ವರ್ಷದ ಹೆಂಗಸು, ಮದುವೆಯಾಗಲಿಲ್ಲ. ತಾಯಿಯನ್ನು ನೋಡಿಕೊಂಡು ಹಂದಿ ಸಾಕಿಕೊಂಡಿದ್ದಾಳೆ. ಕೆಳದನಿಯ ಹೆಂಗಸರ ಸಾಲಿನಲ್ಲಿ ಎಡದಿಂದ ಎರಡನೆಯವಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ಗುರುವಾರವೂ ತಪ್ಪಿಸಿದವಳಲ್ಲ.

ಅವತ್ತು ಅವಳು ಹಲಗೆ ಒರೆಸುತ್ತಲೇ ಇದ್ದಳು. ಹಾಡು ಬರೆದಿದ್ದ ಅಂಕಿಗಳೆಲ್ಲ ಹೋಗಿ ಹಲಗೆ ಫಳಫಳ ಹೊಳೆಯುತ್ತಿದ್ದರೂ ಬಿಡಲಿಲ್ಲ.

"ಏನೇ ಅದು, ಹಲಗೇಲಿ ತೂತು ಮಾಡ್ತೀಯಾ?" ಅಂದೆ.

"ತಾಂತೆ, ಮುಂದಿನ ಶನಿವಾರ ಅಮ್ಮನಿಗೆ ಎಂಬತ್ನಾಲ್ಕು ತುಂಬುತ್ತೆ."

"ಗೊತ್ತಲ್ಲ. ಬರ್ತೀವಲ್ಲ ಎಲ್ಲರೂ. ಊಟಕ್ಕೆ ಹಂದಿ ಯಾವುದು ಅಂತ ಗುರುತು ಮಾಡಿದೀಯಾ?"

ಹುಟ್ಟುಹಬ್ಬಕ್ಕೆ ಮನೆಯಲ್ಲೇ ಪ್ರಾರ್ಥನೆ, ತಂಡದ ಹಾಡು, ಆಮೇಲೆ ಹೊಟ್ಟೆ ಬಿರಿಯೆ ಊಟ, ಇದು ನಮ್ಮಲ್ಲಿ ತಪ್ಪದ ಪದ್ಧತಿ. ಅವಳ ತಾಯಿ ಫೀನ್, ಊರಿಗೆಲ್ಲ ಓಮಾ, ಅಂದರೆ ಅಜ್ಜಿ, ಸೊಂಟ ಮುರಿದುಕೊಂಡು ಮಂಚ ಹಿಡಿದು ವರ್ಷವಾಗಿತ್ತು. ಚರ್ಚಿಗೆ ಬರುವಂತಿರಲಿಲ್ಲ.

"ಅಮ್ಮ ಒಂದು ಮಾತು ಹೇಳಿದಾಳೆ," ಅಂದಳು ಅಲ್ಚೆ. "ಚರ್ಚಲ್ಲಿ ಅಷ್ಟೊಂದು ಜನರ ನಡುವೆ ಕೇಳ್ತಿದ್ದೆ, ಈ ಸಲ ನನ್ನ ಮಂಚದ ಪಕ್ಕದಲ್ಲೇ ನಿಂತು ಹಾಡು, ನಿನ್ನ ಧ್ವನಿ ಹತ್ತಿರದಿಂದ ಕೇಳಬೇಕು ಅಂತ."

"ಪಕ್ಕದಲ್ಲಿ ನಿಂತ್ಕೋ. ಅದಕ್ಕೆ ನನ್ನ ಅಪ್ಪಣೆ ಯಾಕೆ?"

ಅವಳು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು. ಮತ್ತೆ ಬಿಚ್ಚಿದಳು.

"ಅವತ್ತು ಒಂದು ದಿನ ಮಾತ್ರ... ಧ್ವನಿ ಬಿಡಲಾ ತಾಂತೆ?"

ನನಗೆ ಅರ್ಥವಾಗಲಿಲ್ಲ. "ಧ್ವನಿ ಬಿಡದೆ ಹಾಡೋದು ಹೇಗೆ?"

"ನೀವೇ ಹೇಳಿದ್ರಲ್ಲ. ಬಾಯಿ ಮಾತ್ರ ಆಡಿಸು, ಧ್ವನಿ ಬಿಡಬೇಡ ಅಂತ."

"ನಾನಾ? ಯಾವಾಗ?"

"ಜಿಲ್ಲೆಯ ಸ್ಪರ್ಧೆಗೆ ಹೋದಾಗ. ನಾನು ಹೊಸದಾಗಿ ಸೇರಿದ ವರ್ಷ."

ನೆನಪಾಯಿತು ನೋಡಿ, ಎಲ್ಲವೂ ನೆನಪಾಯಿತು. ಸ್ಪರ್ಧೆಗೆ ಮೂರು ದಿನವಿತ್ತು. ಇಪ್ಪತ್ತೈದರ ಈ ಹುಡುಗಿ ಎಲ್ಲರೂ ಮೇಲೆ ಹೋದರೆ ಅಲ್ಲೇ ಇರುತ್ತಿದ್ದಳು, ಎಲ್ಲರೂ ಇಳಿದರೂ ಅಲ್ಲೇ ಇರುತ್ತಿದ್ದಳು. ತಲೆ ಕೆಟ್ಟು ಹಾಗಂದಿದ್ದೆ. ಹಾಡಿಸುವವರು ಇಂಥ ಮಾತು ಆಡುವುದುಂಟು, ಸ್ಪರ್ಧೆ ಮುಗಿದ ಮೇಲೆ ವಾಪಸು ತೆಗೆದುಕೊಳ್ಳುವುದೂ ಉಂಟು. ನಾನು ತೆಗೆದುಕೊಳ್ಳಲಿಲ್ಲ. ನಮಗೆ ಎರಡನೇ ಬಹುಮಾನ ಬಂತು, ಆ ಖುಷಿಯಲ್ಲಿ ಮರೆತೇಬಿಟ್ಟೆ. ಅವಳು ಮರೆಯಲಿಲ್ಲ. ಇಪ್ಪತ್ತೆರಡು ವರ್ಷ ಆ ಸಾಲಿನಲ್ಲಿ ನಿಂತು ಸುಮ್ಮನೆ ಬಾಯಿ ಆಡಿಸಿದ್ದಾಳೆ. ಕಾಲು ಸ್ವರ ಜಾರಿದರೂ ಹಿಡಿಯುವ ನನ್ನ ಕಿವಿಗೆ ಒಂದು ಇಡೀ ಧ್ವನಿ ಇಲ್ಲದ್ದು ಗೊತ್ತಾಗಿರಲಿಲ್ಲ.

ತಪ್ಪು ಮಾಡಿದವರಿಗೆ ಮೊದಲು ಬರುವುದು ಸಿಟ್ಟೇ. ನನಗೂ ಅದೇ ಬಂತು.

"ಅಯ್ಯೋ ಮಂಕೇ, ಆಮೇಲೆ ಬಂದು ಕೇಳೋದಲ್ವಾ? ಬಾಯಿ ಇರಲಿಲ್ವಾ ನಿಂಗೆ?"

"ಕೇಳಿದ್ರೆ ತಂಡದಿಂದಲೇ ಬಿಡಿಸ್ತೀರೇನೋ ಅಂತ ಹೆದರಿಕೆ," ಅಂದಳು. "ನಿಲ್ಲೋಕಾದ್ರೂ ಜಾಗ ಇತ್ತಲ್ಲ."

ನನ್ನ ಬುದ್ಧಿ ನೋಡಿ, ತಕ್ಷಣ ಒಂದು ಉಪಾಯ ಹೇಳಿದೆ. ಮೇಲ್ದನಿಯ ಫ್ರೈಡಾಗೆ ಕೆಳದನಿಯೂ ಬರುತ್ತೆ, ಅವಳನ್ನ ನಿನ್ನ ಬೆನ್ನ ಹಿಂದೆ ನಿಲ್ಲಿಸ್ತೀನಿ, ಅವಳು ಹಾಡ್ಲಿ, ಓಮಾಗೆ ನೀನೇ ಅನ್ನಿಸುತ್ತೆ ಅಂದೆ.

ಅಲ್ಚೆ ತಲೆ ಅಲ್ಲಾಡಿಸಿದಳು. "ಭಾನುವಾರ ಭಾನುವಾರ ಅಮ್ಮ ಮುಂದಿನ ಬೆಂಚಲ್ಲಿ ಕೂತು, ನನ್ನ ಮಗಳ ಧ್ವನಿ ಎಲ್ಲರ ನಡುವೆಯೂ ಕೇಳುತ್ತೆ ಅಂತ ಪಕ್ಕದವರಿಗೆ ಹೇಳ್ತಿದ್ಳು. ನಾನು ಸುಮ್ನಿರ್ತಿದ್ದೆ. ಮಂಚದ ಪಕ್ಕ ನಿಂತುಕೊಂಡು ಅಷ್ಟು ದೊಡ್ಡ ಸುಳ್ಳು ನನ್ನ ಕೈಲಾಗಲ್ಲ ತಾಂತೆ."

ನಾಳೆ ಬಾ, ಕಲಿಸ್ತೀನಿ ಅಂದೆ. ಕೈಯಲ್ಲಿ ಒಂಬತ್ತು ದಿನವಿತ್ತು.

ಶುಕ್ರವಾರ ಬಂದಳು, ಶನಿವಾರ ಬಂದಳು, ಸೋಮವಾರವೂ ಬಂದಳು. ನಾನು ಸ್ವರಕ್ಕೊಂದು ತೂತಿರುವ ಪುಟ್ಟ ಪೀಪಿ ಊದಿ ಸ್ವರ ಕೊಡುವುದು, ಅವಳು ಕಣ್ಣು ಬಿಗಿದು ಹಿಡಿಯಲು ನೋಡುವುದು. ಒಂದು ಹಿಡಿದರೆ ಮುಂದಿನದಕ್ಕೆ ಕಾಲಿಡುವಷ್ಟರಲ್ಲಿ ಕುಸಿಯುತ್ತಿದ್ದಳು. ನನ್ನ ಮೂಗಿನ ತುದಿಯಲ್ಲೇ ಇರುವ ಸಿಟ್ಟನ್ನು ಹಲ್ಲು ಕಚ್ಚಿ ತಡೆದೆ. ಸೋಮವಾರ ಅವಳೇ ಪುಸ್ತಕ ಮುಚ್ಚಿದಳು.

"ಬಿಡಿ ತಾಂತೆ. ಅಮ್ಮನಿಗೆ ನಿಜ ಹೇಳ್ಬಿಡ್ತೀನಿ."

"ಹೇಳೋದಾದ್ರೆ ನಾನೇ ಹೇಳ್ಬೇಕು, ನೀನಲ್ಲ," ಅಂದೆ.

ಹೇಳಲೆಂದೇ ಮಂಗಳವಾರ ಬೆಳಿಗ್ಗೆ ಅವರ ಮನೆಗೆ ಹೊರಟೆ. ಬರಿಗೈಲಿ ಹೋಗಬಾರದು ಅಂತ ಬಾಳೆಕಾಯಿ ಕರಿದು, ಮೆಣಸಿನ ಚಟ್ನಿ ಕಟ್ಟಿಕೊಂಡೆ. ಓಮಾ ಫೀನ್ ಇನ್ನೂ ಎದ್ದಿರಲಿಲ್ಲ. ಹಿತ್ತಲ ಕಡೆ ಹೋಗುವಾಗ ಕೇಳಿಸಿತು.

"ಹೂ..."

ಅಲ್ಚೆ ಬಕೆಟ್ಟು ಹಿಡಿದು ಹಂದಿಗಳನ್ನು ಮೇವಿಗೆ ಕರೆಯುತ್ತಿದ್ದಳು. ಉದ್ದಕ್ಕೆ, ನೆಟ್ಟಗೆ, ಎಲ್ಲೂ ಅಲುಗಾಡದ ಸ್ವರ. ತಗ್ಗಿನ ತೋಟದಿಂದ ಹಂದಿಗಳು ದಡದಡ ಓಡಿ ಬಂದವು. ಒಂದು ಬರಲಿಲ್ಲ. ಮತ್ತೆ ಕರೆದಳು, ಅದೇ ಸ್ವರ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಾನು ಚೀಲಕ್ಕೆ ಕೈ ಹಾಕಿ ಪೀಪಿ ತೆಗೆದು ಒಂದೊಂದೇ ತೂತು ಮೆಲ್ಲಗೆ ಊದಿ ನೋಡಿದೆ. ನಾಲ್ಕನೆಯದಕ್ಕೆ ಸರಿಯಾಗಿ ಕೂತಿತು.

"ಇನ್ನೊಂದ್ಸಲ ಕರಿಯೇ!" ಅಂತ ಕೂಗಿದೆ.

ಅವಳು ಬೆಚ್ಚಿಬಿದ್ದಳು. "ಎಲ್ಲಾ ಬಂದ್ವಲ್ಲ ತಾಂತೆ."

"ಹಂದಿ ಮನೆ ಹಾಳಾಗ್ಲಿ, ನನಗೋಸ್ಕರ ಕರಿ."

ನಮ್ಮಲ್ಲಿ ಸ್ವರಗಳಿಗೆ ಒಂದರಿಂದ ಏಳರವರೆಗೆ ಅಂಕಿ. ಅಂಕಿ ನೋಡಿಕೊಂಡೇ ಊರೆಲ್ಲ ಹಾಡುತ್ತದೆ. ಒಂದು ಎಲ್ಲಿ ಅನ್ನುವುದನ್ನು ಹಾಡಿಸುವವರು ಪೀಪಿ ಊದಿ ಗೊತ್ತುಮಾಡುತ್ತಾರೆ, ಮಿಕ್ಕ ಆರೂ ಅದರ ಹಿಂದೆ ಬರುತ್ತವೆ. ಇಷ್ಟು ವರ್ಷ ನಾನು ಊದಿದ ಕಡೆಗೆ ಅಲ್ಚೆ ಬಂದು ಸೇರಲಿ ಅಂತ ಕೂತಿದ್ದೆ. ಅವಳ ಸ್ವರಕ್ಕೆ ನಾವು ಹೋಗಿ ಸೇರಿದರೆ ಯಾರಪ್ಪನ ಗಂಟು ಹೋಗುತ್ತೆ? ಅವಳ ಆ ಒಂದು ಸ್ವರವನ್ನು ಐದು ಅಂತ ಇಟ್ಟುಕೊಂಡು ಹಾಡನ್ನು ಲೆಕ್ಕ ಹಾಕಿದೆ. ಐದು ಒಳ್ಳೆಯ ಸ್ವರ, ಹೆಚ್ಚು ಕಡೆ ಹೊಂದಿಕೊಳ್ಳುತ್ತದೆ. ಹೊಂದದ ಎರಡು ಮೂರು ಜಾಗದಲ್ಲಿ ಉಸಿರು ತೆಗೆದುಕೊಂಡರಾಯಿತು. ಓಮಾಗೆ ನಿಜ ಹೇಳುವುದು ಮರೆತೇಹೋಯಿತು. ಬಾಳೆಕಾಯಿ ಅಲ್ಲೇ ಜಗಲಿಯ ಮೇಲಿಟ್ಟು ಮನೆಗೆ ಓಡಿದೆ.

ಗುರುವಾರದ ಅಭ್ಯಾಸದಲ್ಲಿ ಹಲಗೆಯ ಮೇಲೆ ನಾಲ್ಕು ದನಿಗೆ ನಾಲ್ಕು ಸಾಲಿನ ಬದಲು ಐದು ಸಾಲು ಬರೆದೆ. ಕೊನೆಯ ಸಾಲಿನ ತುಂಬ ಬರೀ ಐದು, ಐದು, ಐದು. ಎಲ್ಲರೂ ಮುಖ ಮುಖ ನೋಡಿಕೊಂಡರು. ಆಗಿದ್ದನ್ನು ಆಗಿದ್ದ ಹಾಗೆ ಹೇಳಿದೆ, ತಪ್ಪು ನನ್ನದು ಅಂತಲೂ ಹೇಳಿದೆ. ಅಲ್ಚೆ ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದಳು.

ಪೀಪಿ ಊದಿ ಶುರು ಮಾಡಿಸಿದ ಕೂಡಲೇ ಫ್ರೈಡಾ ಕೈ ಎತ್ತಿದಳು. ಫ್ರೈಡಾಗೆ ಮೇಲಿನ ಸ್ವರ ಮುಟ್ಟಿ ಎಲ್ಲರ ಬಾಯಲ್ಲಿ ಆಹಾ ಅನ್ನಿಸಿಕೊಳ್ಳುವ ಚಟ.

"ಇದು ತುಂಬಾ ಕೆಳಗಾಯ್ತು ತಾಂತೆ. ಒಬ್ಬಳಿಗೋಸ್ಕರ ಮೂವತ್ತು ಜನ ಇಳೀಬೇಕಾ?"

"ಇಳಿ ತಾಯಿ, ಕಾಲೇನೂ ಮುರಿಯಲ್ಲ."

"ನನ್ನ ಧ್ವನಿಯ ಚಂದವೇ ಹೋಗುತ್ತೆ!"

"ನಿನ್ನ ಚಂದ ಈ ಊರು ಮೂವತ್ತು ವರ್ಷ ಕೇಳಿದೆ ಫ್ರೈಡಾ. ಒಂದು ಶನಿವಾರ ರಜೆ ಕೊಡು."

ಹಿಂದಿನ ಸಾಲಿನಿಂದ ಓಮ್ ಹೆರ್ಲಿ ಗೊಳ್ಳನೆ ನಕ್ಕ. ದಪ್ಪದನಿಯವನು, ಊರಿಗೆಲ್ಲ ಬಡಗಿ, ಎಲ್ಲರಿಗೂ ಓಮ್, ಅಂದರೆ ಮಾವ. "ನಮಗೇನು, ಇನ್ನಷ್ಟು ಇಳಿದ್ರೆ ನೆಲಮಾಳಿಗೇಲಿ ಕೂತು ಹಾಡ್ತೀವಿ," ಅಂದ. ಎಲ್ಲರೂ ನಕ್ಕರು, ಫ್ರೈಡಾ ಕೂಡ ಕೊನೆಗೆ ಮೂತಿ ಸಡಿಲಿಸಿದಳು. ಆದರೆ ಅಲ್ಚೆ ಅವತ್ತು ಧ್ವನಿ ತೆಗೆಯಲಿಲ್ಲ. ಬಾಯಿ ಆಡುತ್ತಿತ್ತು, ಅಷ್ಟೆ. ಈ ಸಲ ನನ್ನ ಕಿವಿಗೆ ಚೆನ್ನಾಗಿ ಗೊತ್ತಾಯಿತು. ಇಪ್ಪತ್ತೆರಡು ವರ್ಷದ ಅಭ್ಯಾಸ, ಒಂದು ಸಂಜೆಗೆ ಹೋಗುತ್ತದೆಯೇ?

ಶನಿವಾರ ಮಧ್ಯಾಹ್ನ ಮೂರಕ್ಕೆ ಓಮಾ ಫೀನಳ ಮುಂಗೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಚವನ್ನು ಕಿಟಕಿಗೆ ಒತ್ತರಿಸಿ, ದಪ್ಪದನಿಯವರನ್ನು ಜಗಲಿಗೆ ಅಟ್ಟಿ, ಹೇಗೋ ನಿಂತೆವು. ಹಿತ್ತಲಿನಿಂದ ಬಿದಿರಲ್ಲಿ ಬೇಯುವ ಅನ್ನದ ವಾಸನೆ ಬರುತ್ತಿತ್ತು. ಓಮಾ ನೀಲಿ ಅಂಗಿ ತೊಟ್ಟು, ದಿಂಬಿಗೆ ಒರಗಿ, ತಲೆಗೂದಲು ಬಾಚಿಸಿಕೊಂಡು ಮದುವಣಗಿತ್ತಿಯ ಹಾಗೆ ಕೂತಿದ್ದಳು. ಅಲ್ಚೆ ಮಂಚದ ಪಕ್ಕ ನಿಂತಳು. ಇವಳು ಇವತ್ತೂ ಬಾಯಿ ಮಾತ್ರ ಆಡಿಸಿದರೆ ಆ ಪಾಪ ನನ್ನ ತಲೆಯ ಮೇಲೇ ಅಂದುಕೊಂಡೆ.

ಪ್ರಾರ್ಥನೆ ಮುಗಿಯಿತು. ಪೀಪಿಯ ನಾಲ್ಕನೇ ತೂತು ಊದಿ, ಇದೇ ಐದು ಅಂದೆ. ಮೊದಲ ಚರಣ ಪೂರ್ತಿ ಅವಳ ಕಡೆಯಿಂದ ಏನೂ ಬರಲಿಲ್ಲ. ಓಮಾ ಕಣ್ಣು ಮುಚ್ಚಿಕೊಂಡಿದ್ದಳು. ಎರಡನೇ ಚರಣದ ಹೊತ್ತಿಗೆ ನಾನು ಕೈ ಬೀಸುವುದು ಬಿಟ್ಟು, ಜನರ ನಡುವೆ ನುಗ್ಗಿ ಹೋಗಿ ಅಲ್ಚೆಯ ಪಕ್ಕ ನಿಂತೆ. ಅವಳ ಕಿವಿಯ ಹತ್ತಿರ ಬಗ್ಗಿ, "ಹಂದಿ ಕರಿಯೇ," ಅಂದೆ.

ಅವಳ ಮುಖದಲ್ಲಿ ನಗು ಉಕ್ಕಿತು, ಆ ನಗುವಿನ ಜೊತೆಗೇ ಧ್ವನಿಯೂ ಹೊರಗೆ ಬಂತು. ಮೊದಲು ಒರಟಾಗಿ, ಆಮೇಲೆ ನೆಟ್ಟಗೆ. ಐದು. ಮೂವತ್ತು ಜನ ಅದರ ಮೇಲೂ ಕೆಳಗೂ ಓಡಾಡಿದರು, ಅದು ಅಲ್ಲಾಡದೆ ನಿಂತಿತು. ಸತ್ಯ ಹೇಳುತ್ತೇನೆ, ನಮ್ಮ ತಂಡ ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಜಗಲಿಯಲ್ಲಿದ್ದ ಗಂಡಸರು ಕಿಟಕಿಯಲ್ಲಿ ತಲೆ ತೂರಿಸಿ ನೋಡುತ್ತಾ ಹಾಡಿದರು.

ಹಾಡು ಮುಗಿದ ಮೇಲೆ ಓಮಾ ಫೀನ್ ಕಣ್ಣು ಬಿಟ್ಟು ಮಗಳ ಕೈ ಹಿಡಿದುಕೊಂಡಳು.

"ಇಪ್ಪತ್ತೆರಡು ವರ್ಷದ ಮೇಲೆ ಹಾಡಿದೆ ನೋಡು ಮಗಳೇ," ಅಂದಳು.

ಅಲ್ಚೆ ಮಂಚದ ತುದಿಯಲ್ಲಿ ಕೂತುಬಿಟ್ಟಳು.

"ಅಮ್ಮಾ... ನಿನಗೆ ಗೊತ್ತಿತ್ತಾ?"

"ಹೆತ್ತವಳಿಗೆ ಮಗಳ ಧ್ವನಿ ಗೊತ್ತಾಗಲ್ವಾ? ಬೆಳಿಗ್ಗೆ ಎದ್ದರೆ ಹಂದಿ ಕರೆಯೋದು ಕೇಳ್ತೀನಿ, ಭಾನುವಾರ ಚರ್ಚಲ್ಲಿ ಹುಡುಕಿದ್ರೆ ಸಿಗ್ತಿರಲಿಲ್ಲ."

"ಮತ್ತೆ ಎಲ್ಲರಿಗೂ ಕೇಳುತ್ತೆ ಅಂತ ಹೇಳ್ತಿದ್ಯಲ್ಲ!"

"ಇಲ್ಲ ಅಂದಿದ್ರೆ ನೀನು ಹೋಗೋದು ಬಿಡ್ತಿದ್ದೆ. ಗುರುವಾರ ಬಂತು ಅಂದ್ರೆ ಎಷ್ಟು ಖುಷಿಯಾಗಿ ತಲೆ ಬಾಚ್ಕೊಂಡು ಹೋಗ್ತಿದ್ದೆ." ಆಮೇಲೆ ಮುದುಕಿ ನನ್ನ ಕಡೆ ತಿರುಗಿದಳು. ಬೈಗುಳವಿಲ್ಲ, ಸಿಟ್ಟಿಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದ ಹಾಗೆ ಕೇಳಿದಳು. "ನಿನ್ನ ಕಿವಿ ಬಲು ಚುರುಕು ಅಂತಾರಲ್ಲ ಮೆಯಿಸ್ಕೆ, ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗ್ಲಿಲ್ಲ ಓಮಾ," ಅಂದೆ. "ತಪ್ಪು ಹಾಡೋರು ಮಾತ್ರ ನನ್ನ ಕಿವಿಗೆ ಬೀಳ್ತಿದ್ರು. ಹಾಡದೇ ಇರೋರನ್ನ ಕೇಳಿಸ್ಕೊಳ್ಳೋದು ನನಗೆ ಬರ್ಲಿಲ್ಲ. ತಪ್ಪಾಯ್ತು." ಅಷ್ಟು ಜನರ ಎದುರಿಗೆ ಅತ್ತುಬಿಟ್ಟೆ. ಅಳಲಿಲ್ಲ ಅಂತ ಸುಳ್ಳು ಯಾಕೆ ಹೇಳಲಿ?

"ಆಯ್ತು ಬಿಡು," ಅಂದಳು ಓಮಾ. "ಇನ್ನೊಂದ್ಸಲ ಹಾಡಿ. ಅನ್ನ ಬೇಯೋಕೆ ಇನ್ನೂ ಹೊತ್ತಿದೆ."

ಮೂರು ಸಲ ಹಾಡಿದೆವು.

ಮುಂದಿನ ಗುರುವಾರ ಅಭ್ಯಾಸಕ್ಕೆ ಎಲ್ಲರೂ ಬಂದು ಕೂತರು. ಹಲಗೆಗೆ ಬೆನ್ನು ಮಾಡಿ ನಿಂತು, ರಾತ್ರಿಯೆಲ್ಲ ತಲೆಯಲ್ಲಿ ಕೊರೆಯುತ್ತಿದ್ದ ಒಂದು ಪ್ರಶ್ನೆ ಕೇಳಿದೆ.

"ನಾನು ಯಾವತ್ತಾದ್ರೂ ಬಾಯಿ ಮಾತ್ರ ಆಡಿಸಿ ಅಂದಿದ್ದು, ಇವತ್ತಿಗೂ ಹಾಗೇ ಮಾಡ್ತಿರೋರು ಇನ್ಯಾರಾದ್ರೂ ಇದೀರಾ? ಬೈಯಲ್ಲ. ಕೈ ಎತ್ತಿ."

ಹೊರಗೆ ರಸ್ತೆಯಲ್ಲಿ ಯಾರೋ ಲವಂಗ ಗುಡಿಸುವ ಸದ್ದು ಕೇಳುತ್ತಿತ್ತು. ಆಮೇಲೆ ಹಿಂದಿನ ಸಾಲಿನಲ್ಲಿ, ಎಲ್ಲರನ್ನೂ ನಗಿಸುವ ಓಮ್ ಹೆರ್ಲಿ ತನ್ನ ದೊಡ್ಡ ಕೈಯನ್ನು ಮೆಲ್ಲಗೆ ಎತ್ತಿದ. ಅವನು ನಗುತ್ತಿರಲಿಲ್ಲ. ಅವನನ್ನು ನೋಡಿ ಮೇಲ್ದನಿಯ ಸಾಲಿನಲ್ಲಿ ಇಬ್ಬರು ಎತ್ತಿದರು. ಕೆಳದನಿಯಲ್ಲಿ ಒಬ್ಬಳು. ಬಾಗಿಲ ಹತ್ತಿರ ಇನ್ನೊಬ್ಬ.

ಐದು ಕೈ. ನಾನು ಒರೆಸುವ ಬಟ್ಟೆಗೆ ಕೈ ಹಾಕಿದೆ, ಅಷ್ಟರಲ್ಲಿ ಅಲ್ಚೆಯೇ ಎದ್ದು ಬಂದು ಹಲಗೆ ಪೂರ್ತಿ ಒರೆಸಿ, ಸೀಮೆಸುಣ್ಣ ನನ್ನ ಕೈಗೆ ಕೊಟ್ಟಳು.

"ಬಾ ಹೆರ್ಲಿ," ಅಂದೆ, "ನಿನ್ನದು ಎಲ್ಲಿದೆ ಕೇಳೋಣ."