ಕೂಗಣ್ಣನನ್ನು ಗುಡ್ಡ ಹತ್ತಿಸಿದ್ದು

ಶನಿವಾರ ಬೆಳಗ್ಗೆ ಮನೆ ಮುಂದೆ ಲಾರಿ ನಿಂತ ಸದ್ದಾಗಿ ಕೂಗಣ್ಣ ಕಿಟಕಿಯಿಂದ ಇಣುಕಿದ. ಇಷ್ಟು ಅಗಲದ ರಸ್ತೆಯಲ್ಲೂ ಇಷ್ಟು ಓರೆಯಾಗಿ ಲಾರಿ ನಿಲ್ಲಿಸುವ ಮಹಾನುಭಾವ ಭೂಮಿಯ ಮೇಲೆ ಒಬ್ಬನೇ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲು ಹಾಕಿಕೊಳ್ಳಬೇಕು ಎಂದುಕೊಳ್ಳುವಷ್ಟರಲ್ಲಿ ಹೆಂಡತಿಯೇ ಹೋಗಿ ಅಗಲಕ್ಕೆ ತೆರೆದಿಟ್ಟಳು. ಅವಳ ಕೈಯಲ್ಲಿ ಅವನ ಬಟ್ಟೆಯ ಚೀಲವೂ ಇತ್ತು. ಸಂಚು ಮನೆಯೊಳಗಿನದೇ.

ಬಂದವರು ಮೂವರು. ಮೊದಲನೆಯವನು ಡ್ರೈವರ್, ಹೆಸರಿಗೆ ಡ್ರೈವರ್, ಆದರೆ ಫ್ರಿಜ್ಜನ್ನು ಒಬ್ಬನೇ ಬೆನ್ನಿಗೆ ಕಟ್ಟಿಕೊಂಡು ಮಹಡಿ ಇಳಿಯುವ ಆಳು. ಎರಡನೆಯವನು ಬಡಗಿ. ಜನರ ಮಂಚ, ಬೀರುಗಳನ್ನು ಬಿಚ್ಚಿ ಹೊಸ ಮನೆಯಲ್ಲಿ ಜೋಡಿಸುತ್ತಾನೆ. ಪ್ರತಿ ಸಲ ಒಂದೆರಡು ಸ್ಕ್ರೂ ಮಿಕ್ಕುತ್ತವೆ, ಅವು ಕಂಪನಿಯವರು ಹೆಚ್ಚಿಗೆ ಕೊಟ್ಟವು ಎನ್ನುತ್ತಾನೆ. ಮೂರನೆಯವಳು ಗಾಜಿನಕ್ಕ. ಲೋಟ, ತಟ್ಟೆ, ಕನ್ನಡಿಗಳನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆ ತುಂಬುವವಳು. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳು, ಬಾಯಿ ಅದಕ್ಕಿಂತಲೂ ದೊಡ್ಡದು.

“ಏಳು, ಗುಡ್ಡಕ್ಕೆ ಹೊರಡೋಣ,” ಎಂದಳು ಗಾಜಿನಕ್ಕ.

“ಬರಲ್ಲ ಅಂತ ಹೇಳಿದ್ದೆನಲ್ಲ?”

“ನಿನ್ನನ್ನ ಕೇಳಿದವರು ಯಾರು? ಸಾಮಾನನ್ನ ಕೇಳಿ ಲಾರಿ ತುಂಬ್ತಾರಾ?”

ಜನರ ಮನೆ ಸಾಮಾನು ಸಾಗಿಸುವ ಕಸುಬಿನ ಭರಾಟೆ ಇಳಿದ ಮೇಲೆ ವರ್ಷಕ್ಕೊಮ್ಮೆ ಈ ನಾಲ್ವರೂ ಗುಡ್ಡದ ನೆತ್ತಿಯ ಒಂಟಿ ಗುಡಿಸಲಿಗೆ ಹೋಗಿ ಎರಡು ದಿನ ಬಿದ್ದುಕೊಂಡು ಬರುವುದು ವಾಡಿಕೆ. ಅಲ್ಲಿಗೆ ರಸ್ತೆಯಿಲ್ಲ, ಕರೆಂಟಿಲ್ಲ, ಫೋನಿನ ಕಾಟವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೇಲಕ್ಕೆ ಹೊರಬೇಕಾದ ಯಾರ ಬೀರುವೂ ಇಲ್ಲ. ವರ್ಷವಿಡೀ ಕೂಗಣ್ಣ ಕಾಯುತ್ತಿದ್ದದ್ದು ಆ ಎರಡು ದಿನಕ್ಕೆ.

ಆದರೆ ಹೋದ ವರ್ಷ ಲಾರಿಯ ಹಿಂಬಾಗಿಲು ಕಳಚಿ ಅವನ ಸೊಂಟದ ಮೇಲೆ ಬಿತ್ತು. ಈಗ ಕೋಲೂರಿ ಬೀದಿಯ ಕೊನೆಯವರೆಗೆ ಹೋಗಿ ಬರಬಲ್ಲ, ಏರು ಮಾತ್ರ ಆಗದು. ಏರು ಹತ್ತದವನಿಗೆ ಗುಡ್ಡವೂ ಇಲ್ಲ, ಕೆಲಸವೂ ಇಲ್ಲ. ಅವನ ಕೆಲಸ ಕೂಗುವುದು. ಭಾರ ಹೊತ್ತವನಿಗೆ ತಲೆ ಎತ್ತಲಾಗುವುದಿಲ್ಲ, ತನ್ನ ಹೆಬ್ಬೆರಳು ಬಿಟ್ಟು ಬೇರೇನೂ ಕಾಣುವುದಿಲ್ಲ. ಅವನ ಮುಂದೆ ನಡೆಯುತ್ತಾ, ‘ಎಡಕ್ಕೆ ತಿರುವು, ಈ ಮೆಟ್ಟಿಲು ಗಿಡ್ಡ, ಮೇಲೆ ದೀಪ, ತಗ್ಗು’ ಎಂದು ಕೂಗಿ ಹೇಳಲು ಒಬ್ಬ ಬೇಕು. ಹಾಗೆ ಕೂಗಿ ಕೂಗಿಯೇ ಅವನ ನಿಜವಾದ ಹೆಸರು ಹೆಂಡತಿಗೂ ಮರೆತುಹೋಗುವಂತಾಗಿತ್ತು.

ಮನೆಯಲ್ಲಿ ಕುಳಿತವನು ಕೈಲಾಗದವನು ಮೈ ಪರಚಿಕೊಂಡ ಹಾಗೆ ಎಲ್ಲರ ಮೇಲೂ ರೇಗುತ್ತಿದ್ದ. ಅದನ್ನು ನೋಡಲಾರದೆ ಭಾಮೈದ ತನ್ನ ಬಣ್ಣದಂಗಡಿಯ ಗಲ್ಲಾದಲ್ಲಿ ಕೂರಲು ಕರೆದಿದ್ದ. ಸೋಮವಾರದಿಂದ ಬಾ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದಿದ್ದ. ಕೂಗಣ್ಣ ಹೂಂ ಅಂದಿದ್ದ. ಗೆಳೆಯರಿಗೆ ಮಾತ್ರ ಹೇಳಿರಲಿಲ್ಲ. ಹೇಳಿದರೆ, ಇಷ್ಟು ದಿನ ಹೇಗೋ ಸುಧಾರಿಸಿಕೊಂಡಿದ್ದ ಅವರು ಬೇರೆ ಕೂಗುವವನನ್ನು ಹುಡುಕಬೇಕಾಗುತ್ತದೆ, ಹುಡುಕಿದರೆ ಯಾರಾದರೂ ಸಿಕ್ಕೇ ಸಿಗುತ್ತಾರೆ. ಅವನಿಗೆ ನಿದ್ದೆ ಕೆಡಿಸಿದ್ದು ಅದು. ಸರಿ, ಹೇಗೆ ಹತ್ತಿಸುತ್ತಾರೋ ಹತ್ತಿಸಲಿ, ಗುಡ್ಡದ ಮೇಲೆಯೇ ಹೇಳಿ ಮುಗಿಸೋಣ ಎಂದು ಲಾರಿ ಹತ್ತಿದ.

ಗುಡ್ಡದ ಬುಡದಲ್ಲಿ ರಸ್ತೆ ಮುಗಿಯಿತು. ಬಡಗಿ ಲಾರಿಯೊಳಗಿಂದ ಒಂದು ಕುರ್ಚಿ ತೆಗೆದ. ಕಾಲುಗಳನ್ನು ಅರ್ಧಕ್ಕೆ ಕೊಯ್ದು, ಪಾದ ಇಡಲು ಹಲಗೆ ಬಡಿದು, ಫ್ರಿಜ್ಜು ಹೊರುವ ಬೆಲ್ಟುಗಳನ್ನು ಜೋಡಿಸಿದ್ದ. ಗಾಜಿನಕ್ಕ ಕೂಗಣ್ಣನನ್ನು ಕಂಬಳಿಯಲ್ಲಿ ಸುತ್ತಿ, ಗಂಟು ಬಿಗಿದು, ಎದೆಗೆ ‘ಒಡೆಯುವ ವಸ್ತು, ಜೋಪಾನ’ ಎಂಬ ಚೀಟಿ ಅಂಟಿಸಿದಳು.

“ನಾಚಿಕೆ ಇದೆಯೇನ್ರೋ ನಿಮಗೆ?” ಎಂದ ಕೂಗಣ್ಣ.

“ಇದ್ದಿದ್ರೆ ಈ ಕೆಲಸಕ್ಕೆ ಬರ್ತಿದ್ವಾ?” ಎಂದು ಡ್ರೈವರ್ ಅವನನ್ನು ಬೆನ್ನಿಗೇರಿಸಿ ಎದ್ದೇಬಿಟ್ಟ. “ಅಯ್ಯೋ, ಫ್ರಿಜ್ಜಿಗಿಂತ ಹಗುರ! ಊಟ ಹಾಕಲ್ವೇನೋ ನಿನ್ನ ಹೆಂಡ್ತಿ?”

ಹೊರಟರು. ಮುಂದೆ ಬಡಗಿ ಕೂಗುತ್ತಾ, ಅವನ ಹಿಂದೆ ಡ್ರೈವರ್, ಡ್ರೈವರನ ಬೆನ್ನಿಗೆ ಬೆನ್ನು ಕೊಟ್ಟು ಹಿಂದಕ್ಕೆ ಮುಖ ಮಾಡಿ ಕೂಗಣ್ಣ, ಕೊನೆಯಲ್ಲಿ ಬುತ್ತಿ ಹೊತ್ತ ಗಾಜಿನಕ್ಕ. ಬಿಸಿಲು ಎಳೆಯದಾಗಿತ್ತು, ಗಾಳಿ ತಣ್ಣಗಿತ್ತು. ಮೈಯೆಲ್ಲ ಕಟ್ಟಿಸಿಕೊಂಡಿದ್ದರೂ ಕೂಗಣ್ಣನಿಗೆ ಒಳಗೊಳಗೇ ಖುಷಿ. ಅದನ್ನು ತೋರಿಸಿಕೊಳ್ಳಬಾರದೆಂದು ಮುಖ ಗಂಟಿಕ್ಕಿಕೊಂಡಿದ್ದ. ಎದುರಿಗೇ ಇದ್ದ ಗಾಜಿನಕ್ಕ ಆ ಮುಖ ನೋಡಿ ನೋಡಿ ನಗುತ್ತಿದ್ದಳು.

ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಕಾರಣ ಬಡಗಿಯ ಕೂಗು. ಡ್ರೈವರ್ ಎಡವಿ “ಅಮ್ಮಾ” ಎಂದ ಮೇಲೆ ಬಡಗಿ “ಕಲ್ಲು!” ಎನ್ನುತ್ತಿದ್ದ. ಮುಖಕ್ಕೆ ಕೊಂಬೆ ಹೊಡೆದ ಮೇಲೆ “ಕೊಂಬೆ!” ಎನ್ನುತ್ತಿದ್ದ.

“ಎಡವಿದ ಮೇಲೆ ಕಲ್ಲು ಅನ್ನೋದಕ್ಕೆ ನೀನ್ಯಾಕೋ? ಅವನ ಕಾಲ್ಬೆರಳೇ ಹೇಳುತ್ತೆ!” ಎಂದು ಕೂಗಣ್ಣ ಹಿಂದಕ್ಕೆ ನೋಡುತ್ತಲೇ ಬೈದ. ತಿರುಗಿ ನೋಡೋಣವೆಂದರೆ ಬೆಲ್ಟು ಬಿಡಲಿಲ್ಲ. ಬರುವುದು ಯಾವುದೂ ಕಾಣದು, ಕಾಣುವುದೆಲ್ಲ ದಾಟಿಹೋದದ್ದು. ಕೂಗುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ.

ಅರ್ಧ ಗುಡ್ಡದ ಮೇಲೆ ದಾರಿ ಸಣ್ಣದಾಗುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ನಡುವೆ ಬಂಡೆಯಲ್ಲೇ ಕಡಿದ ಮೆಟ್ಟಿಲು. ಅಲ್ಲಿಗೆ ಬರುವಷ್ಟರಲ್ಲಿ ಮಂಜು ಮುಚ್ಚಿಕೊಂಡಿತು. ಬಡಗಿ ಗಾಬರಿಯಾಗಿ ಡ್ರೈವರನ ಕಡೆಗೆ ತಿರುಗಿ ಹಿಮ್ಮುಖವಾಗಿ ಹತ್ತತೊಡಗಿದ. ಹಾಗೆ ತಿರುಗಿದಾಗ ಹೊತ್ತವನ ಎಡ ಯಾವುದೋ ಅದನ್ನೇ ಎಡ ಎನ್ನಬೇಕು. ಈ ಕಸುಬಿನ ಮೊದಲ ಪಾಠವೇ ಅದು. ಬಡಗಿ ತನ್ನ ಎಡ ಹೇಳಿದ. ಡ್ರೈವರ್ ನಂಬಿ ಕಣಿವೆಯ ಕಡೆ ಕಾಲಿಟ್ಟ. ಒಂದು ಕಲ್ಲು ಜಾರಿ ಉರುಳಿತು, ಕುರ್ಚಿ ಓಲಾಡಿತು. ಗಾಜಿನಕ್ಕ ಬುತ್ತಿ ಬಿಸಾಕಿ ಎರಡೂ ಕೈಯಲ್ಲಿ ಕುರ್ಚಿಯನ್ನು ಬಂಡೆಗೆ ಒತ್ತಿ ಹಿಡಿದಳು.

“ಇಳಿಸು!” ಎಂದು ಕೂಗಣ್ಣ ಗುಡುಗಿದ. ಒಂದು ವರ್ಷದಿಂದ ಆ ದನಿ ಎಲ್ಲಿ ಅಡಗಿತ್ತೋ, ಕಣಿವೆಯೇ ತಿರುಗಿ ಉತ್ತರ ಕೊಟ್ಟಿತು. “ನನ್ನನ್ನ ಹಿಂದುಮುಂದಾಗಿ ಕೂರಿಸಿದ ಬುದ್ಧಿವಂತ ಯಾರು?”

ಮೂವರೂ ಮುಖ ಮುಖ ನೋಡಿಕೊಂಡರು.

“ಫ್ರಿಜ್ಜಿನ ಬಾಗಿಲು ಯಾವಾಗಲೂ ಹೊರಗಡೆ ಇರಬೇಕಲ್ಲ,” ಎಂದ ಡ್ರೈವರ್ ಮೆಲ್ಲಗೆ. “ನೀನೇ ಹೇಳಿಕೊಟ್ಟಿದ್ದು.”

ಗಾಜಿನಕ್ಕನಿಗೆ ನಗು ಬಂತು. ಬಂದದ್ದು ನಿಲ್ಲಲೇ ಇಲ್ಲ, ಬಂಡೆ ಹಿಡಿದುಕೊಂಡು ನಕ್ಕಳು. ಮನುಷ್ಯನಿಗೆ ಕಣ್ಣು ಮುಂದಿರುತ್ತದೆ ಎಂಬುದು ಇಷ್ಟು ವರ್ಷ ಕಸುಬು ಮಾಡಿದ ಮೂರು ಜನರಲ್ಲಿ ಒಬ್ಬರಿಗಾದರೂ ಹೊಳೆಯಬಾರದೇ?

ಡ್ರೈವರ್ ಕುರ್ಚಿ ಇಳಿಸಿದ, ಬಡಗಿ ಕಂಬಳಿಯ ಗಂಟು ಬಿಚ್ಚಿ, ಹಲಗೆ ಕಿತ್ತು, ಬೆಲ್ಟು ಮರುಜೋಡಿಸಿದ. ಈ ಸಲ ಕೂಗಣ್ಣ ಮುಂದಕ್ಕೆ ಮುಖ ಮಾಡಿ, ಡ್ರೈವರನ ಸೊಂಟದ ಎರಡೂ ಬದಿಗೆ ಕಾಲು ಇಳಿಬಿಟ್ಟು ಕೂತ. ಡ್ರೈವರ್ ಎದ್ದ. ಎದ್ದರೆ, ಕೂಗಣ್ಣ ಅವನ ತಲೆಗಿಂತ ಒಂದು ಮೊಳ ಮೇಲಿದ್ದ! ಮಂಜು ತುಸು ಸರಿದಾಗಲೆಲ್ಲ, ಮುಂದೆ ನಡೆದು ಕೂಗುತ್ತಿದ್ದ ದಿನಗಳಲ್ಲಿ ಕಾಣದಿದ್ದದ್ದೂ ಈಗ ಕಾಣುತ್ತಿತ್ತು.

“ಬಲಕ್ಕೆ ಅರ್ಧ ಹೆಜ್ಜೆ. ಮುಂದಿನದು ಎತ್ತರ. ನಿಲ್ಲು. ಅದು ಅಲ್ಲಾಡುತ್ತೆ, ತುಳೀಬೇಡ. ಬಡಗಿ, ಆ ಕೊಂಬೆ ಎತ್ತಿ ಹಿಡಿ. ಈಗ ಎರಡು ಗಿಡ್ಡ ಮೆಟ್ಟಿಲು, ಹೋಗು, ಹೋಗು, ಹೋಗು!”

ಡ್ರೈವರನ ಕಾಲು ತಾನೇತಾನಾಗಿ ನಡೆಯತೊಡಗಿತು. ಕೂಗಿಗೂ ಹೆಜ್ಜೆಗೂ ಹಳೆಯ ಗುರುತು. ಡ್ರೈವರ್ ಸುಸ್ತಾದಾಗ ಕುರ್ಚಿಯನ್ನು ಬಡಗಿ ಹೊತ್ತ, ಅವನೂ ಎಡವಲಿಲ್ಲ. ಕೂಗಣ್ಣನ ಗಂಟಲು ಬಿಸಿಯಾಗಿತ್ತು, ಕಿವಿಯಲ್ಲಿ ಗಾಳಿ ಬೀಸುತ್ತಿತ್ತು, ಸೊಂಟದ ನೋವು ಎಲ್ಲಿ ಹೋಯಿತೋ ಅವನಿಗೇ ತಿಳಿಯದು. ಹೋದ ವರ್ಷದಿಂದ ಇಷ್ಟು ಸಂತೋಷ ಅವನಿಗೆ ಆಗಿರಲಿಲ್ಲ. ಮಂಜು ದಾಟಿ ಒಮ್ಮೆಗೇ ಬಿಸಿಲಿಗೆ ಬಂದಾಗ ನಾಲ್ವರೂ ಶಾಲೆ ಬಿಟ್ಟ ಮಕ್ಕಳ ಹಾಗೆ ಕಿರುಚಿದರು. ಎದುರಿಗೆ, ಹುಲ್ಲಿನ ನೆತ್ತಿಯ ಮೇಲೆ, ಕಲ್ಲುಗೋಡೆಯ ಆ ಗುಡಿಸಲು.

“ಬಾಗಿಲು ಬಂತು! ಹೊಸ್ತಿಲು ಎತ್ತರ, ಬಲಗಾಲು ಮುಂದೆ. ಬಾಗಿಲು ಗಿಡ್ಡ, ತಗ್ಗು!” ಎಂದು ಕೂಗಣ್ಣ ಕೊನೆಯ ಕೂಗು ಹಾಕಿದ. ಮತ್ತೆ ಹೊತ್ತಿದ್ದ ಡ್ರೈವರ್ ಹೇಳಿದಷ್ಟೇ ತಗ್ಗಿದ. ಧಡ್ ಎಂದಿತು. ಬಾಗಿಲ ಮೇಲಿನ ತೊಲೆ ಕೂಗಣ್ಣನ ಹಣೆಗೇ ಬಡಿದಿತ್ತು. ಅವನು ಲೆಕ್ಕ ಹಾಕಿದ್ದು ಡ್ರೈವರನ ತಲೆಯನ್ನು. ಅದರ ಮೇಲೆ ತಾನೊಬ್ಬ ಕೂತಿದ್ದೇನೆ ಎಂಬುದು ನೆನಪಿರಲಿಲ್ಲ.

ಮೂವರೂ ಬೆಚ್ಚಿ ಅವನನ್ನು ಕೆಳಗಿಳಿಸಿದರು. ಹಣೆ ಮೇಲೆ ನಿಂಬೆಹಣ್ಣಿನ ಗಾತ್ರದ ಬುಗುಟು. ಅತ್ತಾನೋ ಬೈದಾನೋ ಎಂದು ನೋಡುತ್ತಿದ್ದರೆ, ಕೂಗಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಗುಡಿಸಲ ಮುಂದೆ ಒಲೆ ಹೂಡಿ ಎಲ್ಲರೂ ಕೂತರು. ಇನ್ನು ಹೇಳಲೇಬೇಕು ಎಂದು ಕೂಗಣ್ಣ ಬಾಯಿ ತೆರೆದ. “ನನ್ನ ಭಾಮೈದ...”

“ಗೊತ್ತು ಬಿಡು,” ಎಂದಳು ಗಾಜಿನಕ್ಕ, ಒಲೆಯ ಕಡೆಯೇ ನೋಡುತ್ತಾ. “ನಿನ್ನ ಹೆಂಡ್ತಿ ಹೇಳಿದಳು. ಒಳ್ಳೇ ಕೆಲಸ. ಹೋಗು. ಅದಕ್ಕೇ ಕೊನೇ ಸಲ ಜೊತೆಯಾಗಿ ಬರೋಣ ಅಂತ ಹೊತ್ಕೊಂಡು ಬಂದಿದ್ದು.”

ಯಾರೂ ಅವನ ಮುಖ ನೋಡಲಿಲ್ಲ. ಡ್ರೈವರ್ ಮಾತು ಬದಲಿಸಲೆಂದು, ಸೋಮವಾರ ಒಂದು ಪಿಯಾನೋ ಇಳಿಸುವುದಿದೆ, ನಾಲ್ಕನೇ ಮಹಡಿ, ಸುತ್ತು ಮೆಟ್ಟಿಲಂತೆ, ಬಡಗಿಯೇ ಕೂಗಬೇಕು ಎಂದ. ಬಡಗಿ ಮುಖ ಸಣ್ಣಗೆ ಮಾಡಿಕೊಂಡ.

“ಮೆಟ್ಟಿಲು ನೋಡಿ ಬಂದಿದ್ದೀರಾ?” ಎಂದ ಕೂಗಣ್ಣ.

“ಇಲ್ಲ.”

“ನೋಡದೇ ಹೇಗ್ರೋ ಕೂಗೋದು?” ಕೂಗಣ್ಣ ಬುಗುಟು ಸವರಿಕೊಂಡ. “ಕೇಳಿ ಇಲ್ಲಿ. ಪ್ರತಿ ತಿರುವಲ್ಲೂ ಮೊದಲು ನನ್ನನ್ನ ತಂದು ಕೂರಿಸಿ. ನಾನು ಕೂತಲ್ಲಿಂದ ಕೂಗ್ತೀನಿ, ಪಿಯಾನೋ ಬರಲಿ. ಅದು ಅಲ್ಲಿ ನಿಂತ ಮೇಲೆ ನನ್ನನ್ನ ಮುಂದಿನ ತಿರುವಿಗೆ ಸಾಗಿಸಿ. ನಾಳೆ ಬೆಳಕಿರುವಾಗಲೇ ಆ ಮೆಟ್ಟಿಲು ನೋಡಬೇಕು. ಬೆಳಗಾಗ್ತಿದ್ದ ಹಾಗೇ ಇಳಿಯೋಣ.”

“ಎರಡು ದಿನ ಬಿದ್ಕೊಳ್ಳೋಣ ಅಂತ ಈ ಹೆಣಭಾರ ಹೊತ್ತು ಬಂದ್ರೆ, ಬೆಳಗ್ಗೇನೇ ಇಳೀಬೇಕಂತೆ!” ಎಂದು ಡ್ರೈವರ್ ಬಡಬಡಿಸಿದ. ಬಡಬಡಿಸುತ್ತಲೇ ಅವನ ಮುಖ ಊರಗಲವಾಗಿತ್ತು. ಬಡಗಿ ಎದ್ದು ಹೋಗಿ ಕುರ್ಚಿಯ ಬೆಲ್ಟು ಬಿಗಿ ಮಾಡತೊಡಗಿದ.

ಗಾಜಿನಕ್ಕ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆಯ ಮೇಲೆ ತಪ್ಪು ಹೊರಿಸಿ, ಕೇಳಿದಳು: “ಭಾಮೈದನಿಗೆ ಏನು ಹೇಳ್ತೀಯ?”

“ಅವನ ಅಂಗಡಿಯಲ್ಲಿ ಒಂದೇ ಒಂದು ಮೆಟ್ಟಿಲೂ ಇಲ್ಲ,” ಎಂದ ಕೂಗಣ್ಣ. “ನಾನು ಅಲ್ಲಿ ಕೂತು ಏನು ಮಾಡ್ಲಿ?”