ಚೀಲದ ಉಮಾದೇವಿ

ಯಾರ ಜೊತೆಗೆ ಹೋದರೂ, ಆಸ್ಪತ್ರೆಯಲ್ಲಿ ಎಷ್ಟು ಕುರ್ಚಿ ಖಾಲಿ ಬಿದ್ದಿದ್ದರೂ ಉಮಾದೇವಿಯವರು ಕೂರುವವರಲ್ಲ. ತೀರಿಹೋದ ಗಂಡನ ಕಂದು ಕೋಟನ್ನು ಸೀರೆಯ ಮೇಲೆ ತೊಟ್ಟು, ಡಾಕ್ಟರ ಮುಖವನ್ನೇ ದಿಟ್ಟಿಸುತ್ತ ನಿಂತಿರುತ್ತಾರೆ. "ಕುಂತರ ಹೂಂ ಅಂದಂಗ ಆಗ್ತದ" ಎಂಬುದು ಅವರ ಸಿದ್ಧಾಂತ. ಬೇಸಗೆಯಲ್ಲೂ ಬಿಚ್ಚದ ಆ ಕೋಟು ಮಾಣಿಕನಗರದ ಅಂಗಡಿಸಾಲಿಗೆ ನಗೆಯ ವಸ್ತು. ಬಳೆ ತಾಗಿದರೂ ನೀಲಿಗಟ್ಟುವ ಮುಂಗೈಗಳನ್ನು ಅದರ ತೋಳು ಮುಚ್ಚುತ್ತದೆಂಬುದು ನಕ್ಕವರಿಗೆ ತಿಳಿಯದು.

ಅವರದು ಬಟ್ಟೆಚೀಲ ಹೊಲಿಯುವ ಅಂಗಡಿ. ಹರಿದ ಚೀಲ ತಂದವರಿಗೆ ಹೊಸದನ್ನು ಮಾರುವ ಮೊದಲು ಹಳೆಯದನ್ನು ಒಳಹೊರಗು ತಿರುವಿ, ಹರಿದದ್ದೆಲ್ಲಿ, ಯಾಕೆ ಎಂದು ನೋಡಿಯೇ ತೀರಬೇಕು. ಈ ಹಟವನ್ನು ಅವರ ವಿಷಯದಲ್ಲಿ ಮಾತ್ರ ಯಾರೂ ತೋರಿಸಲಿಲ್ಲ. ಹರೆಯದಲ್ಲಿ ತಿಂಗಳ ಸ್ರಾವ ನಿಲ್ಲದೆ ಆಸ್ಪತ್ರೆಗೆ ಒಯ್ದಾಗ ಕೂರೆಂದರು, ಕೂತರು, ಮಲಗೆಂದರು, ಮಲಗಿದರು, ಎಚ್ಚರಾದಾಗ ಗರ್ಭಚೀಲವಿರಲಿಲ್ಲ, ರಕ್ತ ಹರಿದು ಜೀವವೂ ಹೋಗಿಯೇ ಮರಳಿತ್ತು. ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ. ಕೆಟ್ಟ ಹಲ್ಲು ಕೀಳಿಸಲು ನಾಲ್ಕು ಸಲ ಯೋಚಿಸುವ ಜನ ಹೆಂಗಸಿನ ಹೊಟ್ಟೆಗೆ ಕತ್ತರಿ ಹಾಕಲು ಒಂದು ಸಲವೂ ಯೋಚಿಸುವುದಿಲ್ಲವಲ್ಲ, ಇದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಈಚೆಗೆ ಅದೇ ಮಾತು ಬಸವಕಲ್ಯಾಣದಲ್ಲಿರುವ ಅಣ್ಣನ ಮಗಳು ಪೂನಂಳ ಪಾಲಿಗೆ ಬಂತು. ಮದುವೆಯಾದ ಹೊಸತು, ಮಗುವಿನ ಆಸೆ ಕಣ್ಣಲ್ಲೇ ಕಾಣುವ ಹುಡುಗಿ. ತಿಂಗಳು ತಿಂಗಳೂ ರಕ್ತ ಹೋಗಿ ಬಿಳಿಚಿಕೊಂಡಿದ್ದಳು. ಚೀಲ ಕೆಟ್ಟಿದೆ, ತೆಗೆಸಿಬಿಡಿ ಎಂದರು ಅಲ್ಲಿಯ ಖಾಸಗಿ ಡಾಕ್ಟರು. ಗೋಡೆಗೆ ಆತು ನಿಂತಿದ್ದ ಸೋದರತ್ತೆ ಒಂದು ಹೆಜ್ಜೆ ಮುಂದೆ ಬಂದರು.

"ಈಕಿಗಿ ಮೂಗಿನಾಗೂ ರಕ್ತ ಬರ್ತದ. ಮೂಗೂ ತೆಗೀತೀರೇನ್ರಿ?"

ಡಾಕ್ಟರು ಮುಖ ಗಂಟಿಕ್ಕಿ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಪರೀಕ್ಷೆ ಬರೆದುಕೊಟ್ಟರು. ರಕ್ತ ಕೊಡುವ ದಿನ ಪೂನಂಗೆ ಜ್ವರ. ಬಸ್ಸಿಗಾಗಿ ಓಡಿ, ಸೂಜಿಗೆ ಹೆದರಿ ಅಳುತ್ತಲೇ ರಕ್ತ ಕೊಟ್ಟು ಬಂದಳು. ಎಲ್ಲ ಸರಿಯಿದೆ ಎಂದು ವರದಿ ಬಂತು. ಹಾಗಾದರೆ ತಪ್ಪು ಚೀಲದ್ದೇ ಎಂದು ಡಾಕ್ಟರು ಆಪರೇಷನ್ನಿನ ದಿನ ಗೊತ್ತುಮಾಡಿದರು; ಅಣ್ಣ ಗೋವರ್ಧನ, ಕಲಿತವರಿಗೆ ತಿಳಿಯದ್ದು ನಿನಗೆ ತಿಳಿಯುತ್ತದೆಯೇ ಎಂದು ತಂಗಿಯನ್ನೇ ಗದರಿಸಿದ. ಉಮಾದೇವಿ ಹುಡುಗಿಯ ಕೈಹಿಡಿದು ಹುಮನಾಬಾದಿನ ಬಸ್ಸು ಹತ್ತಿಸಿದರು.

ಅಲ್ಲಿಯ ಡಾಕ್ಟರ್ ಸರ್ವರಿ ಮೊದಲು ಕೇಳಿದ್ದೇ ರಕ್ತ ಕೊಟ್ಟ ದಿನ ಹುಡುಗಿ ಹೇಗಿದ್ದಳೆಂದು. ಜ್ವರ, ದಣಿವು, ಭಯ ಇದ್ದಾಗ ಈ ಪ್ರೋಟೀನು ತಾತ್ಕಾಲಿಕವಾಗಿ ಏರುತ್ತದೆ, ಕೊರತೆ ಕಾಣದೆ ಹೋಗಬಹುದು ಎಂದು ತಿಳಿಸಿದರು. ಬೀಗರು ಬಂದ ದಿನ ಬಡವರ ಮನೆಯ ಸಕ್ಕರೆ ಡಬ್ಬಿಯೂ ತುಂಬಿರುತ್ತದೆ ಎಂಬುದನ್ನು ಉಮಾದೇವಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜ್ವರ ಬಿಟ್ಟ ಮೇಲೆ, ನೆಮ್ಮದಿಯಾಗಿ ಕೂರಿಸಿ ಮತ್ತೆ ರಕ್ತ ತೆಗೆದರು. ಡಬ್ಬಿಯ ತಳ ಕಂಡಿತು: ಪ್ರೋಟೀನು ತೀರ ಕಡಿಮೆ. ಇದು ತಿಳಿಯದೆ ಕತ್ತರಿ ಹಾಕಿದ್ದರೆ ಹುಡುಗಿಯ ಜೀವಕ್ಕೇ ಅಪಾಯವಿತ್ತು. ಈಗ ಸ್ರಾವ ಹಿಡಿತಕ್ಕೆ ತರುವ ಗುಳಿಗೆಗಳಿವೆ. ಚೀಲ ಇದ್ದಲ್ಲೇ ಇದೆ.

ವಂಶದಲ್ಲಿ ಇಳಿದುಬರುವ ಬೇನೆ ಇದು ಎನ್ನುತ್ತ ಸರ್ವರಿ ಆ ಕೋಟಿನ ತೋಳನ್ನು ಮೆಲ್ಲಗೆ ಸರಿಸಿದರು, ಉಮಾದೇವಿಯವರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಅವರ ವರದಿಯೂ ಬಂತು. ಅದೇ ಕೊರತೆ.

ಅಂದು ಉಮಾದೇವಿಯವರು ಕುರ್ಚಿ ಎಳೆದುಕೊಂಡು ಕೂತರು.

"ಹಂಗಾರ ನನ್ನ ಚೀಲ ಛಲೋನೇ ಇತ್ತೇನ್ರಿ?"

ಇತ್ತು ಅಂತಲೇ ಕಾಣುತ್ತದೆ ಎಂದರು ಸರ್ವರಿ.

ಇಂಥವರನ್ನು ಊರು ಜಗಳಗಂಟಿ ಎನ್ನುತ್ತದೆ. ತಮ್ಮ ಸರದಿಯಲ್ಲಿ ಯಾರೂ ಕೇಳದೆ ಹೋದ ಪ್ರಶ್ನೆಯನ್ನು ಹೊತ್ತು ಜೀವಮಾನವಿಡೀ ಬೇರೆಯವರಿಗಾಗಿ ನಿಲ್ಲುವವರು ಇವರು. ಗೆದ್ದದ್ದೆಲ್ಲ ಮುಂದಿನವರ ಪಾಲು. ಇವರ ಪಾಲಿಗೆ ಬರುವುದು ಉತ್ತರ ಮಾತ್ರ, ಅದೂ ಹೊತ್ತು ಮೀರಿದ ಮೇಲೆ.